ಡಾಕ್ಟರ್ ಬುಷ್ ಮಾಡಿದ ಆಮೆ

ನಮಗೆ ಒಂದು ವರ್ಷ ಹಿಂದೆ ಬಿದ್ದರೂ ಎಲ್ಲಾ ಮುಗಿದುಹೋಯ್ತು ಅನ್ನಿಸುತ್ತೆ. ಡೇವಿಡ್ ಬುಷ್ನೆಲ್ ಅಮೆರಿಕದ ಯೇಲ್ ಕಾಲೇಜಿಗೆ ಸೇರಿದಾಗ ಅವನ ವಯಸ್ಸು 31! ಕನೆಟಿಕಟ್‌ನ ರೈತರ ಮನೆಯವನು, ಹುಟ್ಟಿದ್ದು 1740ರಲ್ಲಿ. ನೀರಿನೊಳಗೂ ಮದ್ದು ಸಿಡಿಯುತ್ತೆ ಅಂತ ಓದುವಾಗಲೇ ತೋರಿಸಿಕೊಟ್ಟ. ಆದರೆ ಆ ಮದ್ದನ್ನು ಶತ್ರು ಹಡಗಿನ ತಳಕ್ಕೆ ಒಯ್ಯೋದು ಹೇಗೆ?

1775ರಲ್ಲಿ ಬ್ರಿಟಿಷರ ವಿರುದ್ಧ ಯುದ್ಧ ಶುರುವಾಯಿತು. ಅದೇ ವರ್ಷ ತಮ್ಮ ಎಜ್ರಾನನ್ನು ಜೊತೆಗೆ ಹಾಕಿಕೊಂಡು ಬುಷ್ನೆಲ್ ಓಕ್ ಮರದ ಜಲಾಂತರ್ಗಾಮಿ ಕಟ್ಟಿದ. ನೋಡೋಕೆ ಎರಡು ಆಮೆಚಿಪ್ಪು ಜೋಡಿಸಿದ ಹಾಗೆ, ಹೆಸರೂ ಟರ್ಟಲ್. ಒಳಗೆ ಒಬ್ಬನಿಗೇ ಜಾಗ. ಮುಂದೆ ಹೋಗೋಕೆ ಒಂದು ಪ್ರೊಪೆಲರ್, ಮೇಲೆ ಕೆಳಗೆ ಹೋಗೋಕೆ ಇನ್ನೊಂದು. ಮೋಟಾರ್ ಎಲ್ಲಿಂದ ಬರಬೇಕು, ಎಲ್ಲಾ ಕೈಯಲ್ಲೇ ತಿರುಗಿಸಬೇಕು. ಮುಳುಗಬೇಕಾದರೆ ತಳಕ್ಕೆ ನೀರು ಬಿಟ್ಟುಕೊಳ್ಳೋದು, ಏಳಬೇಕಾದರೆ ಪಂಪ್ ಮಾಡಿ ಹೊರಹಾಕೋದು. ಉಸಿರಾಡೋಕೆ ಗಾಳಿ ಸುಮಾರು 30 ನಿಮಿಷಕ್ಕೆ ಸಾಕು. ಮೇಣದಬತ್ತಿ ಹಚ್ಚಿದರೆ ಅದೂ ಗಾಳಿ ತಿನ್ನುತ್ತಲ್ಲ! ಅದಕ್ಕೇ ದಿಕ್ಸೂಚಿಗೆ, ಆಳದ ಮಾಪಕಕ್ಕೆ ಕತ್ತಲಲ್ಲಿ ಮಿನುಗುವ ಮರದ ಬೂಸ್ಟು ಅಂಟಿಸಿದ್ದ. ನಮಗೆ ತುಂಬಾ ಇಷ್ಟವಾದ ಐಡಿಯಾ ಇದು. ಚಳಿಗಾಲದಲ್ಲಿ ಮಾತ್ರ ಬೂಸ್ಟು ಮಿನುಗೋದು ನಿಲ್ಲಿಸಿ ಕೈಕೊಟ್ಟಿತು.

ಓಡಿಸೋಕೆ ಪಳಗಿದ್ದ ತಮ್ಮ 1776ರಲ್ಲಿ ಕಾಯಿಲೆ ಬಿದ್ದ. ಬದಲಿಗೆ ಬಂದವನು ಸಾರ್ಜೆಂಟ್ ಎಜ್ರಾ ಲೀ. ಹೆಸರು ಅದೇ, ಅನುಭವ ಕಮ್ಮಿ. ಸೆಪ್ಟೆಂಬರ್ 6ರ ರಾತ್ರಿ ಅವನು ನ್ಯೂಯಾರ್ಕ್ ಬಂದರಿನಲ್ಲಿದ್ದ ಬ್ರಿಟಿಷರ ಈಗಲ್ ಹಡಗಿನ ಕೆಳಗೆ ಹೋದ. ಹಡಗಿನ ತಳಕ್ಕೆ ಸ್ಕ್ರೂ ತಿರುಗಿಸಿ, ಅದಕ್ಕೆ ಕಟ್ಟಿದ 150 ಪೌಂಡ್ ಮದ್ದನ್ನು ಬಿಟ್ಟು ಬರಬೇಕಿತ್ತು. ಸ್ಕ್ರೂ ಇಳಿಯಲೇ ಇಲ್ಲ. ಚುಕ್ಕಾಣಿ ಹತ್ತಿರದ ಕಬ್ಬಿಣದ ಪಟ್ಟಿಗೆ ತಾಗಿರಬೇಕು ಅಂತ ಬುಷ್ನೆಲ್ ಆಮೇಲೆ ಬರೆದ. ನಮಗನ್ನಿಸೋದು ನ್ಯೂಟನ್‌ನ ಮೂರನೇ ನಿಯಮವೂ ಅಡ್ಡ ಬಂದಿರಬಹುದು. ತೇಲುವ ಆಮೆಯೊಳಗಿಂದ ಮೇಲಕ್ಕೆ ಒತ್ತಿದರೆ ಆಮೆಯೇ ಕೆಳಗೆ ಜಾರುತ್ತೆ, ಕಾಲೂರೋಕೆ ನೆಲ ಎಲ್ಲಿದೆ? ವಾಪಸ್ ಬರುವಾಗ ಲೀ ಬಿಟ್ಟ ಮದ್ದು ಈಸ್ಟ್ ನದಿಯಲ್ಲಿ ಸುಮ್ಮನೆ ಸಿಡಿಯಿತು. ಈಗಲ್ ಹಡಗಿನ ದಾಖಲೆಗಳಲ್ಲಿ ಈ ದಾಳಿಯ ಸುದ್ದಿಯೇ ಇಲ್ಲ.

ಮುಂದಿನ ತಿಂಗಳು ಟರ್ಟಲ್ ಹೊತ್ತಿದ್ದ ದೋಣಿಯನ್ನೇ ಬ್ರಿಟಿಷರು ಮುಳುಗಿಸಿದರು. ಫಿಲಡೆಲ್ಫಿಯಾದಲ್ಲಿ ಬುಷ್ನೆಲ್ ನದಿಗೆ ತೇಲಿಬಿಟ್ಟ ಮದ್ದಿನ ಪೀಪಾಯಿಗಳಿಂದಲೂ ದೊಡ್ಡದೇನೂ ಆಗಲಿಲ್ಲ. ಅವನ ಕೆಲಸದಲ್ಲಿ ಪ್ರತಿಭೆ ಇದೆ ಅಂತ ವಾಷಿಂಗ್ಟನ್ ಮೆಚ್ಚಿ ಬರೆದಿದ್ದ, ನಿಜ. ಆದರೂ ಯುದ್ಧ ಮುಗಿದ ಮೇಲೆ ಬುಷ್ನೆಲ್ ದೂರದ ಜಾರ್ಜಿಯಾಕ್ಕೆ ಹೋಗಿ, ಹೆಸರು ಮೊಟಕು ಮಾಡಿಕೊಂಡು, ವಾರೆಂಟನ್ ಊರಿನಲ್ಲಿ ಡಾಕ್ಟರ್ ಬುಷ್ ಆಗಿ ಔಷಧಿ ಕೊಟ್ಟುಕೊಂಡು ಉಳಿದುಬಿಟ್ಟ. ಇವನೇ ಆ ಬುಷ್ನೆಲ್ ಅಂತ ಊರಿನವರಿಗೆ ಗೊತ್ತಾಗಿದ್ದು 1820ರ ದಶಕದಲ್ಲಿ, ಅವನು ಸತ್ತು ಉಯಿಲು ಓದಿದಾಗ.