ಅಳತೆಗೋಲು ಹಿಡಿದ ಗುಮಾಸ್ತ
ಅಪರಾಧ ತನಿಖೆಯಲ್ಲಿ ಪೊಲೀಸರ ಅನುಭವ ಹೆಚ್ಚೋ, ತಜ್ಞರ ವಿದ್ಯೆ ಹೆಚ್ಚೋ ಎಂಬ ಚರ್ಚೆ ಎದ್ದಾಗಲೆಲ್ಲ ಆಲ್ಫೋನ್ಸ್ ಬರ್ಟಿಲಾನ್ ನೆನಪಾಗಬೇಕು. 1853ರಲ್ಲಿ ಪ್ಯಾರಿಸ್‌ನ ಸಂಖ್ಯಾಶಾಸ್ತ್ರಜ್ಞರೊಬ್ಬರ ಮಗನಾಗಿ ಹುಟ್ಟಿದ ಈತ 1879ರಲ್ಲಿ ಪೊಲೀಸ್ ಕಚೇರಿಯ ಗುಮಾಸ್ತನಾದ. ಹೆಸರು ಬದಲಿಸಿಕೊಂಡು ಬರುವ ಹಳೆಯ ಅಪರಾಧಿಗಳನ್ನು ಗುರುತಿಸಲು ಪೊಲೀಸರಿಗಿದ್ದ ಮುಖ್ಯ ಆಸರೆ ಜ್ಞಾಪಕಶಕ್ತಿ. ಬರ್ಟಿಲಾನ್ ತಲೆಯ ಉದ್ದಗಲ, ನಡುಬೆರಳು, ಎಡಪಾದ ಹೀಗೆ 11 ಅಳತೆಗಳನ್ನು ಕಾರ್ಡುಗಳಲ್ಲಿ ದಾಖಲಿಸಿ ಜೋಡಿಸಿದ. 1883ರಲ್ಲಿ ಮೊದಲಿಗನೊಬ್ಬ ಸಿಕ್ಕಿಬಿದ್ದ. ಮರುವರ್ಷ 241 ಮಂದಿ.

ಈ ಖ್ಯಾತಿಯೇ 1894ರಲ್ಲಿ ಅನಾಹುತಕ್ಕೆ ಎಡೆಮಾಡಿತು. ಸೇನಾ ರಹಸ್ಯ ಸೋರಿಕೆಗೆ ಸಂಬಂಧಿಸಿದ ಪತ್ರವೊಂದರ ಕೈಬರಹ ಪರೀಕ್ಷೆ, ಆ ವಿದ್ಯೆಯಲ್ಲಿ ಪಳಗದ ಬರ್ಟಿಲಾನ್‌ನ ಪಾಲಿಗೆ ಬಂತು. ಕ್ಯಾಪ್ಟನ್ ಡ್ರೇಫಸ್‌ನ ಬರಹಕ್ಕೂ ಪತ್ರಕ್ಕೂ ಇದ್ದ ವ್ಯತ್ಯಾಸವನ್ನೇ ಆತ ಸಾಕ್ಷ್ಯವಾಗಿಸಿದ: ಸಿಕ್ಕಿಬೀಳದಿರಲು ಡ್ರೇಫಸ್ ತನ್ನ ಬರಹವನ್ನು ತಾನೇ ಫೋರ್ಜರಿ ಮಾಡಿದ್ದನಂತೆ! ಹೋಲಿದರೂ ಅಪರಾಧಿ, ಹೋಲದಿದ್ದರೂ ಅಪರಾಧಿ. ಶಿಕ್ಷೆಗೆ ಇದೊಂದೇ ಕಾರಣವಲ್ಲ. ಸೇನೆ ನ್ಯಾಯಾಧೀಶರಿಗೆ ಗುಟ್ಟಾಗಿ ತಲುಪಿಸಿದ ಕಡತವೂ ಇತ್ತು. ನಿರಪರಾಧಿಯೊಬ್ಬ ಡೆವಿಲ್ಸ್ ದ್ವೀಪದಲ್ಲಿ ನಾಲ್ಕು ವರ್ಷ ಕೊಳೆತ. 1904ರಲ್ಲಿ ಪ್ವಾಂಕರೆ ಸೇರಿದಂತೆ ಮೂವರು ಗಣಿತಜ್ಞರು ಬರ್ಟಿಲಾನ್‌ನ ಲೆಕ್ಕಾಚಾರಕ್ಕೆ ಬುಡವೇ ಇಲ್ಲವೆಂದು ತೋರಿಸಿದರು. 1906ರಲ್ಲಿ ಡ್ರೇಫಸ್ ದೋಷಮುಕ್ತನಾದ.

ಅಷ್ಟರಲ್ಲಿ ಅಳತೆಯ ಪದ್ಧತಿಗೂ ಮುಪ್ಪು ಬಂದಿತ್ತು. 1897ರಲ್ಲೇ ಕಲ್ಕತ್ತದಲ್ಲಿ ಬೆರಳಚ್ಚು ವಿಭಾಗ ತೆರೆದಿತ್ತು. ವಿಚಿತ್ರವೆಂದರೆ, 1902ರಲ್ಲಿ ಗಾಜಿನ ಮೇಲಿನ ಬೆರಳಚ್ಚುಗಳಿಂದ ಪ್ಯಾರಿಸ್‌ನ ಕೊಲೆಗಾರನೊಬ್ಬನನ್ನು ಗುರುತಿಸಿದವನು ಬರ್ಟಿಲಾನನೇ. ಆದರೂ 1914ರಲ್ಲಿ ಸಾಯುವವರೆಗೆ ತನ್ನ ಅಳತೆಗಳೇ ಮೇಲೆಂಬ ಹಠವನ್ನು ಆತ ಬಿಡಲಿಲ್ಲ.