ಬೀಗ ಮಾಡುವವನ ಮಗ ಕಂಡ ನಿಯಮ

ವಿದ್ಯುತ್ ಬಿಲ್ಲನ್ನು ಗೊಣಗುತ್ತಲೇ ಪಾವತಿಸುವ ನಾವು, ಆ ಲೆಕ್ಕದ ಬೇರು ಎಲ್ಲಿದೆಯೆಂದು ಯೋಚಿಸುವುದು ಕಡಿಮೆ. ಅದರ ಒಂದು ಮುಖ್ಯ ಎಳೆ ಜರ್ಮನಿಯ ಒಬ್ಬ ಶಾಲಾ ಅಧ್ಯಾಪಕನ ಬದುಕಿನ ಮೂಲಕ ಹಾದುಬರುತ್ತದೆ.

ಗಿಯೋರ್ಗ್ ಸೈಮನ್ ಓಮ್ ಹುಟ್ಟಿದ್ದು 1789ರ ಮಾರ್ಚ್ 16ರಂದು, ಇಂದಿನ ಬವೇರಿಯಾಕ್ಕೆ ಸೇರಿದ ಎರ್ಲಾಂಗೆನ್‌ನಲ್ಲಿ. ತಂದೆಯದು ಬೀಗ ಮಾಡುವ ಕಸುಬು. ಏಳು ಮಕ್ಕಳಲ್ಲಿ ಬದುಕುಳಿದವರು ಮೂವರು. ಓಮ್‌ಗೆ ಹತ್ತು ವರ್ಷವಾಗಿದ್ದಾಗ ತಾಯಿಯೂ ತೀರಿಕೊಂಡಳು. ತಂದೆ ಸ್ವಂತ ಪರಿಶ್ರಮದಿಂದ ಗಣಿತ, ಭೌತಶಾಸ್ತ್ರಗಳನ್ನು ಕಲಿತು ಅದನ್ನೇ ಇಬ್ಬರು ಗಂಡುಮಕ್ಕಳಿಗೂ ಹೇಳಿಕೊಟ್ಟ. ಕಿರಿಯವನಾದ ಮಾರ್ಟಿನ್ ಮುಂದೆ ಹೆಸರಾಂತ ಗಣಿತಜ್ಞನಾದ. ಹಿರಿಯವನಾದರೋ 1805ರಲ್ಲಿ ವಿಶ್ವವಿದ್ಯಾಲಯ ಸೇರಿದ್ದೇ ತಡ, ನೃತ್ಯ, ಬಿಲಿಯರ್ಡ್ಸ್, ಹಿಮದ ಮೇಲಿನ ಜಾರಾಟಗಳಲ್ಲಿ ಮುಳುಗಿದ. ಹೊಟ್ಟೆಬಟ್ಟೆ ಕಟ್ಟಿ ಓದಿಸುತ್ತಿದ್ದ ತಂದೆ ಸಿಟ್ಟಾದುದು ಸಹಜ. ಓದು ಮೂರು ಸೆಮಿಸ್ಟರಿಗೇ ನಿಂತು, ಹುಡುಗ ಸ್ವಿಟ್ಜರ್ಲೆಂಡಿನ ಶಾಲೆಯೊಂದಕ್ಕೆ ಗಣಿತ ಕಲಿಸಲು ಹೊರಟ. ಅಲ್ಲಿ ತಾನಾಗಿಯೇ ಓದಿಕೊಂಡು, 1811ರಲ್ಲಿ ಊರಿಗೆ ಮರಳಿ ಡಾಕ್ಟರೇಟ್ ಪಡೆದ. ಆದರೆ ಪದವಿ ಹೊಟ್ಟೆ ತುಂಬಿಸಲಿಲ್ಲ. ಕೆಲಕಾಲ ಬಾಂಬರ್ಗ್‌ನಲ್ಲಿ, 1817ರಿಂದ ಕಲೋನ್ ನಗರದಲ್ಲಿ, ಆತ ಶಾಲಾ ಅಧ್ಯಾಪಕನಾಗಿಯೇ ಉಳಿದ.

ಕಲೋನ್‌ನ ಶಾಲೆಯಲ್ಲಿ ಒಳ್ಳೆಯ ಪ್ರಯೋಗಶಾಲೆಯಿತ್ತು. ಉಪಕರಣಗಳನ್ನು ಕೈಯಾರೆ ರೂಪಿಸುವ ಕುಶಲತೆ ತಂದೆಯ ಕಾರ್ಯಾಗಾರದಿಂದಲೇ ಬಂದಿತ್ತು. ತಂತಿಯ ಉದ್ದ ಹೆಚ್ಚಿದಂತೆ ಅದರೊಳಗಿನ ವಿದ್ಯುತ್ ಪ್ರವಾಹ ಎಷ್ಟು ಕುಗ್ಗುತ್ತದೆ ಎಂಬುದು ಆತನ ಪ್ರಶ್ನೆ. 1825ರಲ್ಲಿ ಪ್ರಕಟಿಸಿದ ಮೊದಲ ಸೂತ್ರ ತಪ್ಪಾಗಿತ್ತು. ಅಂದಿನ ರಾಸಾಯನಿಕ ಬ್ಯಾಟರಿಗಳ ಬಲ ನಿಮಿಷದಿಂದ ನಿಮಿಷಕ್ಕೆ ಏರಿಳಿಯುತ್ತಿದ್ದುದೇ ತೊಡಕು. ಪೊಗೆನ್‌ಡಾರ್ಫ್ ಎಂಬ ವಿಜ್ಞಾನಿಯ ಸಲಹೆಯಂತೆ ಓಮ್ ಬ್ಯಾಟರಿಯನ್ನು ಬದಿಗಿಟ್ಟು, ತಾಮ್ರ ಮತ್ತು ಬಿಸ್ಮತ್ ಲೋಹಗಳ ಜೋಡಣೆಯನ್ನು ಬಳಸಿದ. ಅದರ ಒಂದು ಸಂಧಿ ಕುದಿಯುವ ನೀರಿನಲ್ಲಿ, ಮತ್ತೊಂದು ಮಂಜುಗಡ್ಡೆಯಲ್ಲಿ. ಎರಡರ ಉಷ್ಣತೆಯೂ ಬದಲಾಗದ ಕಾರಣ ವಿದ್ಯುತ್ ಒತ್ತಡವೂ ಸ್ಥಿರ. ಅರ್ಥಶಾಸ್ತ್ರ ಓದಿದ ನಮ್ಮಂಥವರು ‘ಉಳಿದೆಲ್ಲವೂ ಸ್ಥಿರವಾಗಿದ್ದರೆ’ ಎಂಬ ಷರತ್ತನ್ನು ಕಾಗದದ ಮೇಲಷ್ಟೇ ಹಾಕುತ್ತೇವೆ. ಓಮ್ ಅದನ್ನು ಮೇಜಿನ ಮೇಲೆ ಸಾಧಿಸಿದ. 2 ಅಂಗುಲದಿಂದ 130 ಅಂಗುಲದವರೆಗಿನ ಎಂಟು ತಾಮ್ರದ ತಂತಿಗಳನ್ನು ಒಂದೊಂದಾಗಿ ಜೋಡಿಸಿ, ಕಾಂತಸೂಚಿಯ ವಾಲುವಿಕೆಯಿಂದ ಪ್ರವಾಹವನ್ನು ಅಳೆದ. 1826ರಲ್ಲಿ ನಿಯಮ ಕೈಗೆ ಸಿಕ್ಕಿತು: ಪ್ರವಾಹವು ಒತ್ತಡಕ್ಕೆ ನೇರ ಅನುಪಾತದಲ್ಲಿಯೂ ಮಂಡಲದ ಒಟ್ಟು ರೋಧಕ್ಕೆ ವಿಲೋಮ ಅನುಪಾತದಲ್ಲಿಯೂ ಇರುತ್ತದೆ.

ಅಂದರೆ ವೋಲ್ಟನ್ನು ಆಂಪೇರಿನಿಂದ ಭಾಗಿಸಿದರೆ ರೋಧ. ಅವೆರಡನ್ನೂ ಗುಣಿಸಿದರೆ ಸಾಮರ್ಥ್ಯ, ಅಂದರೆ ವಾಟ್. ಈ ಎರಡನೆಯ ಲೆಕ್ಕಕ್ಕೆ 1840ರ ದಶಕದಲ್ಲಿ ಇಂಗ್ಲೆಂಡಿನ ಜೂಲ್ ನಡೆಸಿದ ಶಾಖದ ಪ್ರಯೋಗಗಳು ದಾರಿ ಮಾಡಿದವು. ನಮ್ಮ ಸ್ನಾನದ ಮನೆಯ 2000 ವಾಟ್ ಗೀಸರನ್ನೇ ತೆಗೆದುಕೊಳ್ಳಿ. 230 ವೋಲ್ಟಿನಲ್ಲಿ ಅದು ಸುಮಾರು 8.7 ಆಂಪೇರ್ ಎಳೆಯುತ್ತದೆ. ರೋಧ ಸುಮಾರು 26.5 ಓಮ್. ಬೇಸಿಗೆಯ ಸಂಜೆ ವೋಲ್ಟೇಜ್ 180ಕ್ಕೆ ಕುಸಿದರೆ ಕಾಯಿಲಿನ ರೋಧ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಆದರೆ ಪ್ರವಾಹ 6.8 ಆಂಪೇರಿಗೆ ಇಳಿದು ಸಾಮರ್ಥ್ಯ 1225 ವಾಟ್‌ನಷ್ಟಾಗುತ್ತದೆ. ಒತ್ತಡ ಐದರಲ್ಲೊಂದು ಪಾಲು ಕುಗ್ಗಿದರೆ ಶಾಖ ಐದರಲ್ಲೆರಡು ಪಾಲು ಕುಗ್ಗುತ್ತದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಿದಾಗ ಅಷ್ಟು ಅಧಿಕ ವೋಲ್ಟೇಜನ್ನು ಆರಿಸಿಕೊಂಡದ್ದರ ಹಿಂದೆಯೂ ಇದೇ ಗಣಿತವಿದೆ: ಒತ್ತಡ ಹೆಚ್ಚಿಸಿದರೆ ಪ್ರವಾಹ ತಗ್ಗುತ್ತದೆ, ದಾರಿಯ ತಂತಿಯಲ್ಲಿ ಆಗುವ ನಷ್ಟ ಅದರ ವರ್ಗದಷ್ಟು ತಗ್ಗುತ್ತದೆ.

ಇಷ್ಟು ಉಪಯುಕ್ತವಾದ ನಿಯಮ ಅದನ್ನು ಕಂಡವನಿಗೆ ಮಾತ್ರ ಬೇಗ ಫಲ ಕೊಡಲಿಲ್ಲ. ಅರ್ಧ ಸಂಬಳದ ರಜೆ ಪಡೆದು ಬರ್ಲಿನ್‌ಗೆ ಹೋದ ಓಮ್, 1827ರಲ್ಲಿ ತನ್ನ ಸಿದ್ಧಾಂತವನ್ನು ಪುಸ್ತಕವಾಗಿಸಿದ. ವಿಶ್ವವಿದ್ಯಾಲಯದ ಹುದ್ದೆ ದೊರಕೀತೆಂಬ ಆಸೆ. ಆದರೆ ಹೆಗೆಲ್‌ನ ತತ್ತ್ವಶಾಸ್ತ್ರ ಮೆರೆಯುತ್ತಿದ್ದ ಆ ನಗರದಲ್ಲಿ, ಪೋಲ್ ಎಂಬ ಭೌತಶಾಸ್ತ್ರಜ್ಞ ಪುಸ್ತಕವನ್ನು ಬರಿಯ ಕಲ್ಪನೆಯೆಂದು ಹೀಗಳೆದ. ದೋಷವೆಲ್ಲ ವಿಮರ್ಶಕರದೇ ಎನ್ನಲಾಗದು. ಪ್ರಯೋಗಗಳಿಂದ ದೊರೆತ ಸತ್ಯವನ್ನು ಓಮ್ ಕಠಿಣ ಗಣಿತದ ಮುಸುಕಿನಲ್ಲಿ ಮಂಡಿಸಿದ್ದ. ಆ ಗಣಿತ ಅಂದಿನ ಹಲವು ಭೌತಶಾಸ್ತ್ರಜ್ಞರಿಗೆ ಒಗ್ಗದ್ದು. ಲೈಪ್ಜಿಗ್‌ನ ಫೆಕ್ನರ್‌ನಂಥ ಕೆಲವರು ಮೆಚ್ಚಿದ್ದೂ ಉಂಟು. ಆದರೂ ಅರ್ಧ ಸಂಬಳದಲ್ಲಿ ವರ್ಷ ಕಳೆದು ಇಂಥ ಫಲಿತಾಂಶ ಒಪ್ಪಿಸಿದ ನೌಕರನಿಗೆ ಒಂದು ಹುದ್ದೆಯನ್ನು ಹುಡುಕಿಕೊಡದ ಆಡಳಿತವನ್ನು, ಸರ್ಕಾರಿ ಸೇವೆಯಲ್ಲಿ ಕಾಲ ಕಳೆದ ನಾನು ಸುಲಭವಾಗಿ ಕ್ಷಮಿಸಲಾರೆ.

ಮನನೊಂದ ಓಮ್ 1828ರಲ್ಲಿ ಕಲೋನ್‌ನ ಕೆಲಸಕ್ಕೆ ರಾಜೀನಾಮೆ ಕೊಟ್ಟ. ಮುಂದಿನ ಐದು ವರ್ಷ ಬರ್ಲಿನ್‌ನ ಸೈನಿಕ ಶಾಲೆಯಲ್ಲಿ ವಾರಕ್ಕೆ ಕೆಲವೇ ಗಂಟೆಗಳ ಪಾಠ, ಅಲ್ಪ ಸಂಭಾವನೆ. 1833ರಲ್ಲಿ ನ್ಯೂರೆಂಬರ್ಗ್‌ನ ಪಾಲಿಟೆಕ್ನಿಕ್ ಕರೆಯಿತು. ಮನ್ನಣೆ ಬಂದದ್ದು ಹೊರನಾಡಿನಿಂದ: 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ತನ್ನ ಕಾಪ್ಲಿ ಪದಕವನ್ನು ಆತನಿಗೆ ನೀಡಿತು. ಬವೇರಿಯಾದ ಅಕಾಡೆಮಿ ಸದಸ್ಯತ್ವ ಕೊಟ್ಟದ್ದು ಅದಾದ ನಾಲ್ಕು ವರ್ಷಗಳ ಮೇಲೆ.

ಜೀವನವಿಡೀ ಬಯಸಿದ ಭೌತಶಾಸ್ತ್ರದ ಪ್ರಾಧ್ಯಾಪಕ ಪೀಠ ಮ್ಯೂನಿಕ್‌ನಲ್ಲಿ ದೊರೆತಾಗ 1852, ವಯಸ್ಸು 63. ಅವಿವಾಹಿತನಾಗಿಯೇ ಉಳಿದಿದ್ದ ಓಮ್ ಆ ಪೀಠದಲ್ಲಿ ಕುಳಿತದ್ದು ಎರಡು ವರ್ಷ ಮಾತ್ರ. 1854ರ ಜುಲೈ 6ರಂದು ತೀರಿಕೊಂಡ. 1881ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನವು ವೋಲ್ಟ್, ಆಂಪೇರ್‌ಗಳ ಜೊತೆಗೆ ರೋಧದ ಅಳತೆಗೆ ಆತನ ಹೆಸರನ್ನೇ ಅಂಗೀಕರಿಸಿತು. ರೋಧದ ವಿಲೋಮವಾದ ವಾಹಕತೆಗೂ ಒಂದು ಹೆಸರು ಬೇಕಾದಾಗ ಲಾರ್ಡ್ ಕೆಲ್ವಿನ್ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಓಮ್ ಎಂಬುದರ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದಾಗಿಸಿ ಮ್ಹೋ ಎಂದ.