ಲೈಟರಿನ ಕಿಡಿಯೂ ಪಿಯರ್ ಕ್ಯೂರಿಯೂ

ಅಮ್ಮಿ ಬೆಳಿಗ್ಗೆ ಚಹಾಕ್ಕೆ ಗ್ಯಾಸ್ ಹಚ್ಚುವ ಲೈಟರಿಗೆ ಸೆಲ್ ಇಲ್ಲ, ವೈರೂ ಇಲ್ಲ. ಒತ್ತಿದರೆ ಟಕ್ ಎಂದು ಕಿಡಿ ಬರುತ್ತದೆ. ಈ ಕರೆಂಟು ಎಲ್ಲಿಂದ ಬಂತು ಎಂದು ವಿಜ್ಞಾನ ವಿಭಾಗದ ಗೆಳತಿಯನ್ನು ಕೇಳಿದೆ. ಒಳಗಿನ ಪಿಂಗಾಣಿಯಂಥ ಚಿಕ್ಕ ತುಂಡಿನ ಮೇಲೆ ಪೆಟ್ಟು ಬಿದ್ದಾಗ ಅದರಲ್ಲೇ ವಿದ್ಯುತ್ ಹುಟ್ಟುತ್ತದೆ, ಅದಕ್ಕೆ ಪೀಜೋ ವಿದ್ಯುತ್ ಎನ್ನುತ್ತಾರೆ ಎಂದಳು. ನಾನು ಕಾಮರ್ಸ್ ಓದುವವಳು. ಆದರೂ ಇದನ್ನು ಕಂಡುಹಿಡಿದವರು ಯಾರೆಂದು ಹುಡುಕಿ ಓದಿದೆ.

ಪಿಯರ್ ಕ್ಯೂರಿ ಹುಟ್ಟಿದ್ದು 1859ರ ಮೇ 15ರಂದು, ಪ್ಯಾರಿಸ್‌ನಲ್ಲಿ. ತಂದೆ ವೈದ್ಯರು. ಒಂದು ವಿಷಯ ಹಿಡಿದರೆ ಅದರಲ್ಲೇ ಮುಳುಗಿಬಿಡುವ ಹುಡುಗ ಎಂದು ಮನೆಯವರು ಅರಿತು, ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸಿದರು. 18ನೇ ವಯಸ್ಸಿಗೆ ಪದವಿ ಬಂತು. ಮುಂದೆ ಡಾಕ್ಟರೇಟ್ ಮಾಡಲು ಹಣವಿರಲಿಲ್ಲ. ಸೋರ್ಬಾನ್‌ನಲ್ಲಿ ಪ್ರಯೋಗಾಲಯದ ಸಹಾಯಕರಾಗಿ ಸೇರಿದರು. ಫೀಸಿನ ಲೆಕ್ಕ ನೋಡಿ ವಿಭಾಗ ಆರಿಸಿಕೊಂಡ ನಾನು ಈ ಸಾಲುಗಳನ್ನು ಎರಡು ಸಲ ಓದಿದೆ.

ಅಣ್ಣ ಜಾಕ್ ಕೂಡ ಅಲ್ಲೇ ಕೆಲಸದಲ್ಲಿದ್ದರು. ಕೆಲವು ಹರಳುಗಳನ್ನು ಬಿಸಿ ಮಾಡಿದರೆ ವಿದ್ಯುತ್ ಕಾಣುತ್ತದೆ ಎಂಬುದು ಮೊದಲೇ ಗೊತ್ತಿತ್ತು. ಒತ್ತಿದರೂ ಕಾಣಬೇಕು ಎಂದು ಈ ಅಣ್ಣತಮ್ಮಂದಿರು ಯೋಚಿಸಿದರು. ಯಾವ ಹರಳನ್ನು ಯಾವ ದಿಕ್ಕಿನಲ್ಲಿ ಒತ್ತಬೇಕು ಎಂಬುದನ್ನೂ ಹರಳಿನ ಆಕಾರದಿಂದಲೇ ಅಂದಾಜು ಮಾಡಿದರು. ಹರಳಿನ ಎರಡು ಬದಿಗೆ ತವರದ ತೆಳು ಹಾಳೆ ಅಂಟಿಸಿ ಒತ್ತಿ ಅಳೆದರು. 1880ರಲ್ಲಿ ಅಂದಾಜು ನಿಜವಾಯಿತು. ಕ್ವಾರ್ಟ್ಜ್, ಟೂರ್ಮಲೀನ್ ಮಾತ್ರವಲ್ಲ, ಕಬ್ಬಿನ ಸಕ್ಕರೆಯ ಹರಳಿನಲ್ಲೂ ವಿದ್ಯುತ್ ಕಂಡಿತು. ಅಂದರೆ ನಿಕಾಹ್‌ನಲ್ಲಿ ಖರ್ಜೂರದ ಜೊತೆ ಹಂಚುವ ನಮ್ಮ ಮಿಶ್ರಿ! ಮರುವರ್ಷ, ವಿದ್ಯುತ್ ಕೊಟ್ಟರೆ ಹರಳು ಹಿಗ್ಗಿ ಕುಗ್ಗುತ್ತದೆ ಎಂಬುದನ್ನೂ ತೋರಿಸಿದರು.

ಆಮೇಲೆ ಜಾಕ್ ಮೋಂಪೆಲಿಯೆ ಊರಿಗೆ ಹೋದರು. ಪಿಯರ್ ಪ್ಯಾರಿಸ್‌ನ ಒಂದು ಕೈಗಾರಿಕಾ ವಿಜ್ಞಾನದ ಕಾಲೇಜಿನಲ್ಲಿ ಪಾಠ ಮಾಡುತ್ತ ಉಳಿದರು. ಡಾಕ್ಟರೇಟ್ ಸಿಕ್ಕಿದ್ದು 1895ರಲ್ಲಿ. ಅದೇ ವರ್ಷ ಮೇರಿಯವರೊಂದಿಗೆ ಮದುವೆ. ಯುರೇನಿಯಂ ಕಿರಣಗಳಿಂದ ಹುಟ್ಟುವ ಅತಿ ಸಣ್ಣ ವಿದ್ಯುತ್ತನ್ನು ಮೇರಿ ಅಳೆದದ್ದು ಆ ಅಣ್ಣತಮ್ಮಂದಿರು ಮಾಡಿದ್ದ ಕ್ವಾರ್ಟ್ಜ್ ಉಪಕರಣದಿಂದಲೇ. 1898ರಲ್ಲಿ ಪೊಲೋನಿಯಂ, ರೇಡಿಯಂ. 1903ರಲ್ಲಿ ನೊಬೆಲ್. ಇದೆಲ್ಲ ನಿಮಗೆ ಗೊತ್ತಿರುವುದೇ.

ನನಗೆ ಬಗೆಹರಿಯದ ವಿಷಯ ಬೇರೆ. ಅಕೌಂಟೆನ್ಸಿಯಲ್ಲಿ ಪೇಟೆಂಟನ್ನು ನಾವು ಆಸ್ತಿಯ ಬದಿಗೆ ಬರೆಯುತ್ತೇವೆ. ಗಂಡಹೆಂಡತಿ ಇಬ್ಬರೂ ಸೋರುವ ಶೆಡ್ಡಿನಲ್ಲಿ ದುಡಿಯುತ್ತಿದ್ದರೂ ರೇಡಿಯಂ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆಯಲಿಲ್ಲ, ಕೇಳಿದವರಿಗೆಲ್ಲ ಹೇಳಿಕೊಟ್ಟರು. ದೊಡ್ಡ ಮನಸ್ಸು, ಒಪ್ಪುತ್ತೇನೆ. ಆದರೆ ಪಿಯರ್ ಕೊನೆಯವರೆಗೂ ಒಳ್ಳೆಯ ಪ್ರಯೋಗಾಲಯಕ್ಕಾಗಿ ಕಾದರು. ಪೇಟೆಂಟ್ ಪಡೆದಿದ್ದರೆ ತಪ್ಪಾಗುತ್ತಿತ್ತೇ?

1906ರ ಏಪ್ರಿಲ್ 19, ಮಳೆ ಸುರಿಯುತ್ತಿತ್ತು. ಪ್ಯಾರಿಸ್‌ನ ಒಂದು ಇಕ್ಕಟ್ಟಾದ ರಸ್ತೆ ದಾಟುವಾಗ ಜಾರಿ ಕುದುರೆ ಗಾಡಿಯಡಿ ಬಿದ್ದು ತೀರಿಕೊಂಡರು. ವಯಸ್ಸು 46. ಚಿಕ್ಕ ಮಗಳಿಗೆ ಆಗ ಒಂದೂವರೆ ವರ್ಷವೂ ತುಂಬಿರಲಿಲ್ಲ.

ಮೊದಲ ಮಹಾಯುದ್ಧದಲ್ಲಿ ಅವರ ಶಿಷ್ಯ ಪಾಲ್ ಲಾಂಜ್ವಾ ಜಲಾಂತರ್ಗಾಮಿಗಳ ಪತ್ತೆಗೆ ಕ್ವಾರ್ಟ್ಜ್ ಬಳಸಿದರು. 1941ರವರೆಗೆ ಬದುಕಿದ್ದ ಜಾಕ್ ಇದನ್ನೆಲ್ಲ ಕಂಡರು. ಈಗ ಯಂತ್ರಕ್ಕೋ ಸೇತುವೆಗೋ ಪೀಜೋ ಪಟ್ಟಿ ಅಂಟಿಸಿ, ಅದರ ನಡುಕದಿಂದಲೇ ವೈರಿಲ್ಲದ ಸೆನ್ಸರ್ ನಡೆಸುವ ಕೆಲಸ ಸಾಗಿದೆ. ಸಿಗುವುದು ಬಹಳ ಸಲ ವ್ಯಾಟ್‌ನ ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅದನ್ನು ಗೋಲಕದಲ್ಲಿ ಚಿಲ್ಲರೆ ಹಾಕಿದಂತೆ ಕೆಪಾಸಿಟರಿನಲ್ಲಿ ಕೂಡಿಡುತ್ತಾರೆ. ಸಾಕಷ್ಟು ಆದಾಗ ಸೆನ್ಸರ್ ಎಚ್ಚೆತ್ತು ಒಂದು ಸಂದೇಶ ಕಳಿಸಿ ಮತ್ತೆ ಮಲಗುತ್ತದೆ. ಸೆಲ್ ಬದಲಿಸಲು ಯಾರೂ ಸೇತುವೆಯ ಕೆಳಗೆ ಇಳಿಯಬೇಕಾಗಿಲ್ಲ.